ಗಣತಿಯಲ್ಲಿ ಉಳಿದವನು

ಗಣಿತ ಕಲಿಸಿ ಬಾಳಿದವನು ನಾನು, ಕಂಡಷ್ಟನ್ನೇ ಬರೆಯುತ್ತೇನೆ.

ವಂಶವೃಕ್ಷ ಬರೆಯಲೆಂದು ತಂಗಿಯೊಡನೆ ದಾಖಲೆಗಳ ಕಚೇರಿಗೆ ಹೋಗಿದ್ದೆ. ಮುತ್ತಜ್ಜನ ತಮ್ಮ ನೇಗಿಲು ಬಿಟ್ಟು ಸೈನ್ಯ ಸೇರಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಯುದ್ಧದಲ್ಲಿ ಮಡಿದನೆಂದು ಸೇನೆಯ ದಾಖಲೆ ಹೇಳುತ್ತಿತ್ತು. ಆಮೇಲಿನ ಎರಡು ಜನಗಣತಿಗಳಲ್ಲೂ ಅವನು ಮನೆಯಲ್ಲೇ ಇದ್ದ: ಉಳುವವನು, ವಯಸ್ಸು ಇಪ್ಪತ್ತೆರಡು.

“ಸತ್ತವರಿಗೆ ವಯಸ್ಸಾಗಲ್ಲ, ಮೇಷ್ಟ್ರೇ,” ಎಂದು ಗುಮಾಸ್ತ ನಕ್ಕ.

“ಯಾರೋ ತಪ್ಪಾಗಿ ಬರೆದಿದ್ದಾರೆ. ಯುದ್ಧದಲ್ಲಿ ಸತ್ತ ಅಂತಲೇ ಬರಿ ಅಣ್ಣಾ, ಇಲ್ಲದಿದ್ರೆ ನೆಂಟರು ನಗ್ತಾರೆ,” ಎಂದಳು ತಂಗಿ.

“ನಗಲಿ. ಮನೆಯವರು ಹೇಳದೆ ಗಣತಿಯವನು ಬರೆಯಲ್ಲ. ಅವರು ಕೂಡಿದವನನ್ನ ನಾನು ಕಳೆಯಲ್ಲ.”

‘ಮನೆಯಲ್ಲೇ ಇದ್ದ’ ಎಂದು ಬರೆಯತೊಡಗಿದೆ. ಮುಚ್ಚಿದ ಕೋಣೆಯಲ್ಲಿ ಆಗತಾನೇ ಉತ್ತ ಹಸಿಮಣ್ಣಿನ ವಾಸನೆ ಎದ್ದಿತು. ಯಾರೋ ಕುಳಿತಂತೆ ಬೆಂಚು ಎಡಕ್ಕೆ ತಗ್ಗಿತು, ಎಡತೋಳು ತಣ್ಣಗಾಯಿತು. ನಾನು ಸರಿಯಲಿಲ್ಲ. ವಾಕ್ಯ ಮುಗಿಸಿಯೇ ಎದ್ದೆ.

ಹೊರಡುವಾಗ ಗುಮಾಸ್ತ ಗೊಣಗಿದ: “ನಿಮ್ಮ ಪಕ್ಕ ಕೂತಿದ್ದ ಹುಡುಗನಿಗೆ ಕಾಲು ಒರೆಸಿಕೊಂಡು ಬಾ ಅನ್ನಬಾರದಿತ್ತಾ?”

ತಂಗಿ ನನ್ನ ತೋಳು ಹಿಡಿದಳು.

“ನಮ್ಮ ಮನೆಯವನೇ,” ಎಂದೆ. “ಬಟ್ಟೆ ಕೊಡಿ, ನಾನೇ ಒರೆಸ್ತೀನಿ.”

ಬಾಗಿ ಒರೆಸಿದೆ. ಬೆಂಚಿನ ಕೆಳಗೆ ಎರಡು ಪಾದಗಳಷ್ಟು ಹಸಿ ಕೆಸರಿತ್ತು. ಬಾಗಿಲಿನಿಂದ ಅಲ್ಲಿಯವರೆಗೆ ನೆಲ ಒಣಗಿಯೇ ಇತ್ತು.