ಜಾಣಿಯ ಬೆನ್ನಿನ ನೀಲಿ

"ಯಾರನ್ನ ಕೇಳಿ ನನ್ನ ಕುರಿ ಚಿತ್ರಾ ತಗಿಯಾಕತ್ತೀರಿ?"

ಮಾಲಾ ಬೆಚ್ಚಿ ತಲೆ ಎತ್ತಿದಳು. ಎದುರಿಗೆ ಒಬ್ಬ ಯುವಕ; ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮುಖದ ತುಂಬ ಸಿಟ್ಟು. ಝಳಕಿಯ ಶಾಲೆಗೆ ಚಿತ್ರಕಲೆ ಟೀಚರಾಗಿ ಬಂದು ಎಂಟೇ ದಿನ, ಅಷ್ಟರಲ್ಲೇ ಬೈಸಿಕೊಳ್ಳುವ ಯೋಗ!

"ಕುರಿನ್ನ ಕೇಳೇನ್ರಿ. ಅದೇನೂ ಬ್ಯಾಡ ಅನ್ನಲಿಲ್ಲ."

ಬೈಯಲು ಬಂದವನಿಗೆ ನಗು ತಡೆಯಲಾಗಲಿಲ್ಲ. ಹೀಗೆ ಪರಿಚಯವಾದವನು ಕುರಿ ಕಾಯುವ ದುಂಡೇಶ.

ಆ ಕುರಿಯ ಹೆಸರು ಜಾಣಿ. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ದುಂಡೇಶ ಅದನ್ನು ಕಂಬಳಿಯೊಳಗೆ ಬೆಚ್ಚಗೆ ಇಟ್ಟುಕೊಂಡು, ಆಡಿನ ಹಾಲು ಕುಡಿಸಿ ಬೆಳೆಸಿದ್ದ. ಈಗಲೂ ಅವನು ಕುಳಿತರೆ ಸಾಕು, ಬಂದು ಅವನ ಮೊಣಕಾಲ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚುತ್ತಿತ್ತು.

ಸಿಂದಗಿಯ ಚಿತ್ರ ಪ್ರದರ್ಶನಕ್ಕೆ ಮಾಲಾ ಅವನನ್ನೂ ಜಾಣಿಯನ್ನೂ ಹಾಗೇ ಬರೆಯತೊಡಗಿದಳು. ದಿನಾ ಸಂಜೆ ಅವನು ಜಾಣಿಯೊಂದಿಗೆ ಬಂದು ಅವಳೆದುರು ಕೂರುತ್ತಿದ್ದ. ಚಿತ್ರ ಬೇಗ ಮುಗಿಯಬಾರದು ಎಂದು ಇಬ್ಬರಿಗೂ ಅನ್ನಿಸತೊಡಗಿತ್ತು... ಬಾಯಿ ಬಿಟ್ಟು ಹೇಳುವವರು ಯಾರು!

ಒಂದು ಬುಧವಾರ ದುಂಡೇಶ ನಂಟರ ಮದುವೆಗೆಂದು ನಾಲತವಾಡಕ್ಕೆ ಹೊರಟ. ಹೋಗುವಾಗ ಜಾಣಿಯನ್ನು ಮಾಲಾಳ ಅಂಗಳದಲ್ಲಿ ಕಟ್ಟಿದ.

"ಸಂಜಿಗೆ ನಮ್ಮ ಕಾಕಾನ ಮಗ ಕಲ್ಮೇಶ ಬಂದು ಹೊಡಕೊಂಡು ಹೋಗ್ತಾನ. ಹುಷಾರ್ರಿ ಟೀಚರ್, ಇದು ನನ್ನ ಜೀವ."

ಜಾಣಿಯ ಬಿಳಿ ಬೆನ್ನ ಮೇಲೆ ಅಗಲವಾದ ನೀಲಿ ಪಟ್ಟಿ ಇತ್ತು. ಅದು ದುಂಡೇಶನ ಹಿಂಡಿನ ಗುರುತು. ಮಾಸಿಹೋಗಿದ್ದ ಅದನ್ನು ಅವನು ಆ ಬೆಳಿಗ್ಗೆಯಷ್ಟೇ, ಹೊರಡುವ ಗಡಿಬಿಡಿಯಲ್ಲಿ, ಹಿಂಡಿಗೆಲ್ಲ ಹೊಸದಾಗಿ ಹಚ್ಚಿದ್ದ. ಆ ಬಿಳುಪಿನ ಮೇಲೆ ಬಿಸಿಲು ಹೇಗೆ ಬೀಳುತ್ತದೆಂದು ನೋಡುವ ಆಸೆ ಮಾಲಾಳಿಗೆ. ನೀಲಿ ಅಡ್ಡ ಬರುತ್ತಿತ್ತು. ಬಿಸಿನೀರು, ಸೋಪು ತಂದು ತಿಕ್ಕಿ ತೊಳೆದೇಬಿಟ್ಟಳು.

ಅವಳೂ ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದವಳು. ಗುರುತು ಎಂದರೇನು ಎಂದು ಗೊತ್ತಿಲ್ಲದವಳೇನಲ್ಲ! ಚಿತ್ರದಲ್ಲಿ ಮಾತ್ರ ಅದನ್ನು ಬಿಟ್ಟಿದ್ದರೆ ಸಾಕಿತ್ತು. ಮತ್ತೆ ಬಣ್ಣ ಹಚ್ಚಲು ಕಲ್ಮೇಶನಿಗೆ ಹೇಳಬೇಕು ಎಂದುಕೊಂಡಳು. ಅವನು ಬಂದು ಜಾಣಿಯನ್ನು ಹೊಡೆದುಕೊಂಡು ಹೋಗುವಾಗ ಚಿತ್ರದ ಗುಂಗಿನಲ್ಲಿ ಮರೆತಳು.

ಅದೇ ಸಂಜೆ ಹೆದ್ದಾರಿಯ ಹತ್ತಿರ, ಚಡಚಣದ ಸಂತೆಗೆ ಹೊರಟಿದ್ದ ವ್ಯಾಪಾರಿಗಳ ಕುರಿಗಳು ದುಂಡೇಶನ ಹಿಂಡಿನೊಳಗೆ ಬೆರೆತವು. ಗಡಿಬಿಡಿಯಲ್ಲಿ ಕಲ್ಮೇಶ ನೀಲಿ ಪಟ್ಟಿ ಇದ್ದವನ್ನೆಲ್ಲ ಈಚೆ ಹೊಡೆದುಕೊಂಡ. ಪಟ್ಟಿ ಇಲ್ಲದವು ಆಚೆ ಹೋದವು. ಜಾಣಿಯೂ ಹೋಯಿತು.

ದುಂಡೇಶ ವಾರವಿಡೀ ಊರೂರು ಅಲೆದ. ಕೊನೆಗೆ ಮಾಲಾಳ ಬಾಗಿಲಿಗೆ ಬಂದು ನಿಂತ.

"ಅದರ ಮಾರಿ ಒಮ್ಮೆ ನೋಡಬೇಕ್ರಿ."

ಅವಳು ಚಿತ್ರದ ಮೇಲಿನ ಬಟ್ಟೆ ಸರಿಸಿದಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು.

"ಬೆನ್ನ ಮ್ಯಾಲ ನೀಲಿ ಇಲ್ಲಲ್ರಿ..."

ಮಾಲಾ ಚಿತ್ರಕ್ಕೆ ಮತ್ತೆ ಬಟ್ಟೆ ಮುಚ್ಚಲು ಹೋದಳು.

"ನೀವು ಕಂಡದ್ದನ್ನ ಬರದೀರಿ. ಅಂದ್ರ ಅವತ್ತು ಗಡಿಬಿಡಿಯಾಗ ನಾನ ಹಚ್ಚಿಲ್ಲ! ಹಚ್ಚೇನಿ ಅಂತ ತಿಳಕೊಂಡಿದ್ದೆ... ಕಲ್ಮೇಶಗ ಸುಮ್ನ ಬೈದೆ. ನನ್ನ ಕೈಯಾರೆ ಕಳಕೊಂಡೆ ಅದನ್ನ!" ಎಂದು ತಲೆ ತಲೆ ಬಡಿದುಕೊಂಡ.

'ಹೇಳು ಮಾಲಾ, ಈಗಲೇ ಹೇಳು!' ಮನಸ್ಸು ಕೂಗುತ್ತಿತ್ತು. ಹೇಳಿದರೆ ಇವನು ಮತ್ತೆ ಈ ಅಂಗಳಕ್ಕೆ ಬರುವುದಿಲ್ಲ... ಆ ಹೆದರಿಕೆಯಲ್ಲಿ ತಂಬಿಗೆಗೆ ಕೈ ಹಾಕಿದಳು.

"ನೀರು ಕೊಡ್ಲೇನ್ರಿ?" ಎಂದಳು.

ಸಿಂದಗಿಯಲ್ಲಿ ಎಲ್ಲರೂ ಚಿತ್ರವನ್ನು ಹೊಗಳಿದರು. ಹೊಗಳಿಸಿಕೊಂಡಷ್ಟೂ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ತಿಂಗಳಾದ ಮೇಲೆ ದುಂಡೇಶ ಒಗೆದ ಅಂಗಿ ಹಾಕಿಕೊಂಡು ಬಂದ.

"ನಮ್ಮವ್ವ ನಿಮ್ಮ ಮನಿಗೆ ಹೋಗಿ ಹೆಣ್ಣು ಕೇಳತೇನಿ ಅಂತಾಳ. ಮೊದಲ ನಿಮ್ಮನ್ನ ಕೇಳೂಣಂತ ಬಂದೆ. ಒಂದು ಕುರಿನ್ನ ನೆಟ್ಟಗ ನೋಡ್ಕೊಳ್ಳಲಿಲ್ಲ, ನನ್ನೇನ್ ನೋಡ್ಕೊಂತಾನ ಅನಬ್ಯಾಡ್ರಿ..."

ಮಾಲಾಳ ಮನಸ್ಸಿನ ಕಟ್ಟೆ ಒಡೆಯಿತು.

"ನೀವು ನೀಲಿ ಹಚ್ಚಿದ್ರಿ! ನಾನ ತೊಳದೆ. ಚಿತ್ರಾ ಚಂದ ಆಗಲಿ ಅಂತ ತೊಳದೆ... ಹೇಳಿದ್ರ ನೀವು ಹೋಗಿಬಿಡ್ತೀರಿ ಅಂತ ಸುಮ್ನಿದ್ದೆ!"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಕುರಿ ಹೋತು, ಅದು ಬ್ಯಾರೆ. ನಾ ನಿಮ್ಮ ಮುಂದ ತಲಿ ಬಡಕೊಳ್ಳಾಕತ್ತಾಗ... ನೀರು ಕೊಡ್ಲೇನು ಅಂದ್ರೆಲ್ರಿ!"

ಅಷ್ಟು ಹೇಳಿ ಹೊರಟುಹೋದ. ಕೂಗಿ ಕರೆಯಲು ಅವಳಿಗೆ ಯಾವ ಮುಖ?

ಮಾಲಾ ಸಿಂದಗಿಗೆ ಹೋಗಿ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು ಬಂದಳು. ಸಂತೆಯ ದಿನ ಚಡಚಣದ ಬಸ್ಸು ಹತ್ತಿದಳು. ಕುರಿಗಳ ನಡುವೆ, ಸುಡುವ ಬಿಸಿಲಲ್ಲಿ ಚಿತ್ರ ಹಿಡಿದು ಸಿಕ್ಕಸಿಕ್ಕವರನ್ನು ಕೇಳಿದಳು, "ಈ ಕುರಿ ಎಲ್ಲೇರ ಕಂಡೀರೇನ್ರಿ?"

ಕೆಲವರು ನಕ್ಕರು. ಕೆಲವರು ಹುಚ್ಚಿ ಅಂದರು. ಮರುವಾರವೂ ಹೋದಳು. ಅದರ ಮರುವಾರವೂ...

ಮೂರನೆಯ ಸಂತೆಯಲ್ಲಿ ಗುಂಡವ್ವ ಎಂಬ ಮುದುಕಿ ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು.

"ಕುರಿ ಕಂಡಿಲ್ಲವಾ. ಆದ್ರ ಈ ಹುಡುಗನ ಮ್ಯಾಲ ಅದಕ್ಕ ಎಷ್ಟು ಭರೋಸಾ ನೋಡು! ಹ್ಯಾಂಗ ಕಣ್ಣು ಮುಚ್ಚೇತಿ..."

ಮಾಲಾ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ತಿರುಗಿದರೆ, ನಾಲ್ಕು ಹೆಜ್ಜೆ ದೂರದಲ್ಲಿ ದುಂಡೇಶ! ಅವನೂ ಜಾಣಿಯನ್ನು ಹುಡುಕಿ ಬಂದಿದ್ದ.

"ಸಿಕ್ತೇನ್ರಿ?" ಎಂದ.

"ಇಲ್ರಿ. ನನಗ ಮಾಫಿ ಬ್ಯಾಡ. ಹುಡುಕೂದು ಮಾತ್ರ ಬಿಡಂಗಿಲ್ಲ."

ಅವನು ಬಂದು ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತ. ಚಿತ್ರದ ಮೇಲಿನ ಧೂಳು ಒರೆಸಿದ.

"ಸಿಟ್ಟು ಇನ್ನೂ ಐತಿ" ಎಂದ. "ನಿಮ್ಮ ಮ್ಯಾಲ ಮನಸೂ ಐತಿ. ಎರಡೂ ಹೋಗವಲ್ವು. ಇನ್ನ ಮ್ಯಾಲ ಏನ ಆಗಲಿ, ನನ್ನ ಮುಂದ ಹೇಳಬೇಕು."

"ಹೇಳತೇನಿ... ಆಣಿ ಮಾಡಿ ಹೇಳತೇನಿ."

"ಮುಂದಿನ ಸಂತಿಗೆ ಒಬ್ಬಾಕೀನ ಬರಬ್ಯಾಡ. ಕೂಡೇ ಬರೂಣು."

"ಆಗೂ ಸಿಗಲಿಲ್ಲಂದ್ರ?"

"ಸಿಗೂತನಕ ಬರೂಣು."

ಅವಳು ಅಳುತ್ತಲೇ ನಕ್ಕಳು. "ಹಂಗ ಹುಡುಕ್ಕೋತ ಮುದುಕರಾಗಿಬಿಡ್ತೇವ್ರಿ..."

"ಆಗೂಣು ತಗೋ."