ರಾಜಕುಮಾರಿಯ ಎಡಗೈ

ಕಣ್ಣೀರು ಒರೆಸಿಕೊಳ್ಳಲೆಂದು ರಾಜಕುಮಾರಿ ತಲೆ ಬಾಗಿಸಿದಳು. ಬಾಗಿದ ತಲೆ ಮತ್ತೆ ಏಳಲಿಲ್ಲ. ಕತ್ತು ಸಡಿಲಾಗಿ ಮುಂದಕ್ಕೆ ಬಿತ್ತು. ಮುಖ ರಂಗದ ಅಡ್ಡಪಟ್ಟಿಗೆ ಠಪ್ಪೆಂದು ಬಡಿಯಿತು. ನೂರು ವರ್ಷದ ಮರದ ಮುಖ ಹಣೆಯಿಂದ ಕೆನ್ನೆಯವರೆಗೆ ಸೀಳಿ ಹೋಯಿತು.

ಆಗ ಬೆಳಿಗ್ಗೆ ಒಂಬತ್ತೂವರೆ. ಕೊನೆಯ ತಾಲೀಮು ನಡೆಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಆಟ. ಆ ಆಟದಲ್ಲಿ, ಈ ಗೊಂಬೆ ಆಡಿಸುವ ಇಪ್ಪತ್ತಾರರ ಕೋಝುಎಗೆ ಗುರುವಿನ ಹೆಸರು ಸಿಗುವುದಿತ್ತು. ಗುರುವಿನಿಂದ ಶಿಷ್ಯೆಗೆ ಇಳಿದು ಬರುವ ಕುರೆಹಾ ಎಂಬ ಹೆಸರು. ನಮ್ಮ ಅವಾಜಿ ದ್ವೀಪದ ಗೊಂಬೆಯಾಟದಲ್ಲಿ ಆ ಹೆಸರಿಗಾಗಿ ಜನ ಜೀವ ತೇಯುತ್ತಾರೆ.

ನಾನು ಠಾಣೆಯಲ್ಲಿ ಈರುಳ್ಳಿಯ ಮಿಸೊ ಸಾರು ಕುಡಿಯುತ್ತಿದ್ದೆ. ಫೋನ್ ಮಾಡಿದ್ದು ಕೋಝುಎಯೇ.

"ಮೇಡಂ, ಇದು ತಾನಾಗೇ ಆಗಿದ್ದಲ್ಲ. ಯಾರೂ ನನ್ನ ಮಾತು ನಂಬ್ತಿಲ್ಲ. ದಯವಿಟ್ಟು ಬನ್ನಿ."

ಸಾರು ಅರ್ಧಕ್ಕೇ ಬಿಟ್ಟು ಎದ್ದೆ. ಸಿಟ್ಟು ಬಂತು, ನಿಜ. ಆದರೆ ನನ್ನಮ್ಮ ಇದೇ ರಂಗಮಂದಿರದಲ್ಲಿ ಮೂವತ್ತು ವರ್ಷ ಉಡುಪು ಹೊಲಿದವಳು. ನಾನು, ಇತೋಯಾಮಾ ಫುಮಿ ಎಂಬ ಈ ಸಬ್ ಇನ್ಸ್‌ಪೆಕ್ಟರ್ ಬೆಳೆದದ್ದೇ ಆ ಬಟ್ಟೆ ಗಂಟುಗಳ ನಡುವೆ. ಹೋಗದೆ ಇರಲಾಗಲಿಲ್ಲ.

* * *

ಒಳಕೋಣೆಯಲ್ಲಿ ನಾಲ್ವರಿದ್ದರು. ರಾತ್ರಿ ಬೀಗ ಹಾಕಿದ್ದ ಮಂದಿರದೊಳಗೆ ಬೆಳಿಗ್ಗೆಯಿಂದ ಇದ್ದವರೂ ಆ ನಾಲ್ವರೇ.

ಗುರು ಕುರೆಹಾ, ಎಪ್ಪತ್ತೆಂಟರ ಅಜ್ಜಿ; ಶಿಷ್ಯರೆಲ್ಲ ಅಮ್ಮಾ ಎಂದೇ ಕರೆಯುತ್ತಾರೆ. ಕೈ ನಡುಗಲು ಶುರುವಾದ ಮೇಲೆ ಗೊಂಬೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಆರು ವರ್ಷವಾಗಿತ್ತು. ಕೋಝುಎ, ಅತ್ತು ಮುಖ ಊದಿಸಿಕೊಂಡಿದ್ದಳು. ಅವಳು ಗೊಂಬೆಯ ತಲೆ ಮತ್ತು ಬಲಗೈ ಆಡಿಸುವವಳು, ಮುಖ ತೋರಿಸಿ ಆಡುವವಳು. ಎಡಗೈ ಆಡಿಸುವವಳು ಮಿನಾಗಿ ಸಾತ್ಸುಕಿ, ನಲವತ್ತೇಳು. ಇಪ್ಪತ್ತೆರಡು ವರ್ಷದಿಂದ ಕಪ್ಪು ಮುಸುಕಿನೊಳಗೇ ಇದ್ದವಳು. ಕೊನೆಯವನು ಕಾಲು ಆಡಿಸುವ ತಾದೊಕೊರೊ, ಬಾಯಿ ಸುಮ್ಮನಿರದ ಮನುಷ್ಯ.

"ಇದ್ರಲ್ಲಿ ಪೊಲೀಸರಿಗೇನು ಕೆಲ್ಸ?" ಎಂದರು ಗುರು. "ತಲೆ ಹಿಡಿಯೋರೇ ಗೊಂಬೆ ಮೈಗೆ ಬಟ್ಟೆ ಸೇರ್ಸಿ ಹೊಲೀಬೇಕು. ಇನ್ನೊಬ್ರ ಗೊಂಬೆ ಯಾರೂ ಮುಟ್ಟಲ್ಲ. ಹೊಲಿಗೆ ಈ ಹುಡುಗೀದು, ತಪ್ಪೂ ಈ ಹುಡುಗೀದೇ. ಇವತ್ತು ಹೆಸರು ಕೊಡಲ್ಲ."

"ಅಮ್ಮಾ, ನಿನ್ನೆ ಸಂಜೆ ತಲೆ ಹಿಡ್ದಿಡೋ ಕತ್ತಿನ ಹುರಿ ಎಳ್ದು ನೋಡೇ ಕಾಲರ್ ಹೊಲ್ದೆ. ಹೊಸ ಹುರಿ!"

"ಹೊಸ ಹುರಿ ಹರಿಯಲ್ಲ."

ಗೊಂಬೆಯನ್ನು ಪಕ್ಕದ ಕೋಣೆಗೆ ಒಯ್ದೆ. ಕೋಝುಎಯನ್ನು ಮಾತ್ರ ಕರೆದುಕೊಂಡೆ. ಕಾಲರ್ ಬಿಚ್ಚಿದೆ. ಹುರಿಯ ಮುಕ್ಕಾಲು ಭಾಗ ಬ್ಲೇಡಿನಿಂದ ಕೊಯ್ದಂತೆ ನುಣ್ಣಗಿತ್ತು. ಉಳಿದ ಕಾಲು ಭಾಗ ಮಾತ್ರ ಜಗ್ಗಿ ಹರಿದಿತ್ತು. ಅಂದರೆ ಯಾರೋ ಕಾಲರ್ ಬಿಚ್ಚಿ, ಹುರಿ ಕೊಯ್ದು, ಮತ್ತೆ ಹೊಲಿದಿದ್ದರು.

"ಹೊಲಿಗೆ ನಿಂದೇನಾ?"

ಅವಳು ತಬ್ಬಿಬ್ಬಾದಳು. "ನನ್ನದರ ಹಾಗೇ ಇದೆ ಮೇಡಂ. ಅದೇ ಅಂತರ, ಅದೇ ಗಂಟು."

ಭುಜದ ಹಲಗೆಯ ಮೇಲೆ ಬೆರಳಾಡಿಸಿದೆ. ಚುರ್ ಎಂದಿತು. ಬೆರಳ ತುದಿಯಲ್ಲಿ ರಕ್ತ. ಮರದಲ್ಲಿ ಸೂಜಿಯ ಮೊನೆ ಮುರಿದು ಕೂತಿತ್ತು. ಚಿಮಟದಿಂದ ಕಿತ್ತು ಕರವಸ್ತ್ರದಲ್ಲಿ ಸುತ್ತಿದೆ.

"ಇದನ್ನ ಹೊಲೀವಾಗ ನಿನ್ನ ಸೂಜಿ ಮುರಿದಿತ್ತಾ?"

"ಇಲ್ಲ."

"ಈ ಮೊನೆ ವಿಷ್ಯ ಯಾರ ಹತ್ರಾನೂ ಬಾಯಿ ಬಿಡ್ಬೇಡ."

* * *

ಮೊದಲು ತಾದೊಕೊರೊನನ್ನು ಹಿಡಿದೆ. ನಿನ್ನೆ ಕೋಝುಎಗೂ ಅವನಿಗೂ ದೊಡ್ಡ ಜಗಳವಾಗಿತ್ತಂತೆ. ಬೆಳಿಗ್ಗೆ ಏಳಕ್ಕೆ ಒಳಕೋಣೆಯಲ್ಲಿ ಒಬ್ಬನೇ ಇದ್ದನಂತೆ.

"ಜಗಳ ಹೌದು ಮೇಡಂ. ನನ್ನ ಹೆಜ್ಜೆ ಎಮ್ಮೆ ಹೆಜ್ಜೆ ಅಂದ್ಳು. ಹೆಣ್ಣು ಗೊಂಬೆಗೆ ಕಾಲೇ ಇರಲ್ಲ. ಬರೀ ಲಂಗದ ಅಂಚು ಹಿಡ್ದು ಕಾಲಿದೆ ಅಂತ ನಂಬಿಸ್ತೀನಿ. ಇಲ್ಲದ ಕಾಲಿಗೂ ಬೈಗುಳ ತಿನ್ನೋ ಪಾಪಿ ನಾನು!"

ಸೂಜಿ ದಾರ, ಒಂದು ತುಂಡು ಬಟ್ಟೆ ಕೊಟ್ಟು ಹೊಲಿ ಎಂದೆ. ಹೊಲಿದ. ಒಂದು ಹೊಲಿಗೆ ಇಲ್ಲಿ, ಇನ್ನೊಂದು ಅಲ್ಲೆಲ್ಲೋ. ಬೆರಳಿಗೆ ಎರಡು ಸಲ ಚುಚ್ಚಿಕೊಂಡು ಅಮ್ಮಾ ಎಂದು ಕೂಗಿದ. ಸಾಕು ಮಾರಾಯ, ಹೋಗು ಎಂದೆ.

ಗುರುವಿನ ಕೈ ಸೂಜಿಗೆ ದಾರ ಪೋಣಿಸಲೂ ಆಗದಷ್ಟು ನಡುಗುತ್ತಿತ್ತು. ಇನ್ನು ಉಳಿದವಳು ಸಾತ್ಸುಕಿ. ಬೆಳಿಗ್ಗೆ ಎಲ್ಲರೂ ತಿಂಡಿಗೆ ಹೋದಾಗ ಅವಳು ಹಿಂದೆ ಉಳಿದಿದ್ದಳಂತೆ.

"ಕೋಝುಎ, ನಿಂಗೆ ಹೊಲಿಗೆ ಹೇಳ್ಕೊಟ್ಟಿದ್ದು ಯಾರು?"

"ಸಾತ್ಸುಕಿ ಅಕ್ಕ. ಕೈ ಹಿಡ್ದು ಕಲ್ಸಿದ್ರು." ಹೇಳಿದವಳೇ ಬಾಯಿ ಮುಚ್ಚಿಕೊಂಡಳು. "ಅಕ್ಕ ಹಂಗೆ ಮಾಡಲ್ಲ ಮೇಡಂ."

ನನಗೆ ಗೊತ್ತಾಯಿತು. ಆದರೆ ಗೊತ್ತಾದರೆ ಸಾಲದು, ಸೂಜಿಯ ಉಳಿದರ್ಧ ಬೇಕು. ಕಸದ ಬುಟ್ಟಿ, ಚರಂಡಿ, ಹಿತ್ತಲು, ಎಲ್ಲ ಕಡೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಸಿಗಲಿಲ್ಲ. ಹನ್ನೊಂದಾಯಿತು.

ಒಳಕೋಣೆಯ ಪುಟ್ಟ ದೇವರ ಗೂಡಿನ ಮುಂದೆ ತಟ್ಟೆಯಲ್ಲಿ ಒಂದು ದಪ್ಪ ಸೋಯಾ ತೋಫು ಗಡ್ಡೆ ಇತ್ತು. ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಇವತ್ತು ಫೆಬ್ರವರಿ ಎಂಟು! ವರ್ಷವೆಲ್ಲ ಗಟ್ಟಿ ಬಟ್ಟೆಯಲ್ಲಿ ದುಡಿದು ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿಗೆ ಚುಚ್ಚಿ ಮಲಗಿಸಿ, ಕೈಮುಗಿಯುವ ದಿನ. ಅಮ್ಮ ಮುರಿದ ಸೂಜಿಯನ್ನು ಒಂದು ಸಲವೂ ಕಸಕ್ಕೆ ಹಾಕಿದ್ದನ್ನು ನಾನು ಕಂಡಿಲ್ಲ.

"ಗಲಾಟೆ ಇದ್ದಿದ್ದೇ," ಎಂದೆ ಜೋರಾಗಿ. "ಮೊದ್ಲು ಸೂಜಿ ಪೂಜೆ ಮುಗ್ಸಿ. ಅದನ್ಯಾಕೆ ತಪ್ಪಿಸ್ತೀರಿ?"

ಎಲ್ಲರ ಮುಖದಲ್ಲೂ ಒಂದಿಷ್ಟು ಜೀವ ಬಂತು. ನಾನು ಮೂಲೆಯಲ್ಲಿ ಚಹಾ ಹಿಡಿದು ಕೂತೆ.

ಗುರು ಹಳೆಯ ಎರಡು ಸೂಜಿ ಚುಚ್ಚಿದರು. ಕೋಝುಎ ಬೇರೆ ಉಡುಪಿಗೆ ಬಳಸಿ ಮುರಿದ ಒಂದನ್ನು. ಸಾತ್ಸುಕಿ ಮೂರನ್ನು ಚುಚ್ಚಿ ಕೈಮುಗಿದಳು. ಎದ್ದಳು. ಬಾಗಿಲವರೆಗೆ ಹೋದಳು. ಅಲ್ಲೇ ನಿಂತಳು. ತಿರುಗಿ ಬಂದು, ನಡುಪಟ್ಟಿಯೊಳಗಿಂದ ಕಾಗದದ ಪೊಟ್ಟಣ ತೆಗೆದು, ನಾಲ್ಕನೆಯದನ್ನೂ ಚುಚ್ಚಿದಳು. ಈ ಸಲ ಬಹಳ ಹೊತ್ತು ಕಣ್ಣು ಮುಚ್ಚಿದ್ದಳು.

ನಾನು ಎದ್ದು ಆ ನಾಲ್ಕನೆಯದನ್ನು ಹೊರಗೆಳೆದೆ. ಕರವಸ್ತ್ರ ಬಿಚ್ಚಿದೆ. ಮೊನೆಯನ್ನು ಅದರ ತುದಿಗೆ ಕೂಡಿಸಿದೆ. ಓರೆಯಾಗಿ ಮುರಿದ ಎರಡು ತುಂಡುಗಳು ಕೂದಲೆಳೆಯೂ ತೂರದಂತೆ ಕೂತವು.

"ಈ ಮೊನೆ ಗೊಂಬೆ ಭುಜದಲ್ಲಿತ್ತು ಸಾತ್ಸುಕಿ. ಕೋಝುಎ ಹೊಲಿಗೆ ಥರಾನೇ ಹೊಲಿಯೋಕೆ ಬರೋದು ಅದನ್ನ ಕಲ್ಸಿದವ್ರಿಗೆ ಮಾತ್ರ. ಎಲ್ರೂ ತಿಂಡಿಗೆ ಹೋದಾಗ ಕಾಲರ್ ಬಿಚ್ಚಿ ಹುರಿ ಕೊಯ್ದೆ. ಮತ್ತೆ ಹೊಲೀವಾಗ ಅವಸರಕ್ಕೆ ಸೂಜಿ ಮುರೀತು. ಸಮುದ್ರ ಪಕ್ಕದಲ್ಲೇ ಇದೆ. ಎಸ್ದಿದ್ರೆ ನಂಗೆ ಸಿಗ್ತಾನೇ ಇರ್ಲಿಲ್ಲ."

ಅವಳು ನಿಜವಾಗಿಯೂ ಬೆಚ್ಚಿದಳು. "ಎಸೆಯೋದಾ? ಸೂಜೀನಾ? ಅನ್ನ ಹಾಕಿದ್ದು ಅದು ಮೇಡಂ."

ನೂರು ವರ್ಷದ ಮುಖ ಒಡೆದವಳು ಹೇಳಿದ ಮಾತು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

* * *

"ಹೌದು, ನಾನೇ," ಎಂದಳು ಸಾತ್ಸುಕಿ. "ಹೊಟ್ಟೆ ಉರೀತು. ಇಪ್ಪತ್ತೆರಡು ವರ್ಷ ಮುಸುಕು ಹಾಕ್ಕೊಂಡು ಬೆವೆತವ್ಳು ನಾನು. ನಿನ್ನೆ ಮೊನ್ನೆ ಬಂದ ಇವ್ಳು ಮುಸುಕಿಲ್ದೆ ನಗ್ತಾ ನಿಂತ್ಳು. ಜನ ಇವ್ಳಿಗೆ ಚಪ್ಪಾಳೆ ತಟ್ಟಿದಾಗೆಲ್ಲ ನಂಗೆ ಒಳಗೆ ಕೆಂಡ. ಇವ್ಳ ಹೊಲಿಗೆ ಸರಿಯಿಲ್ಲ ಅಂತಾದ್ರೆ, ಗುರುಗಳು ನನ್ನ ಕಡೆ ಒಂದ್ಸಲ ತಿರುಗಿ ನೋಡ್ತಾರೆ ಅಂದ್ಕೊಂಡೆ. ಅಷ್ಟೇ ಬೇಕಿತ್ತು."

"ಅಕ್ಕಾ, ನಿಮ್ಮ ಕೈ ನಂಬಿ ನಾನು ಆಡ್ತಿದ್ದೆ," ಎಂದಳು ಕೋಝುಎ.

ಗುರು ಹತ್ತಿರ ಬಂದರು. ಕೋಝುಎಯ ತಲೆ ಸವರಿದರು, ಅಷ್ಟೆ. ಸಾತ್ಸುಕಿ ಅದನ್ನೂ ನೋಡಿದಳು.

"ಹೆಸರು ಇವತ್ತೇ ಕೊಡ್ತೀನಿ," ಎಂದರು ಗುರು. "ಪೆಟ್ಟಿಗೇಲಿ ಇನ್ನೊಂದು ತಲೆ ಇದೆ, ತೆಗೀರಿ."

"ಎಡಗೈ ಯಾರಮ್ಮಾ?" ಎಂದ ತಾದೊಕೊರೊ. ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಎಡಗೈ ಇಲ್ದೆ ರಾಜಕುಮಾರಿ ಒಂಟಿ ಕೈಯೋಳು ಆಗ್ತಾಳೆ."

ಸಾತ್ಸುಕಿಯ ಕಣ್ಣು ಮಿನುಗಿತು. ಆ ಮಿನುಗು ನನಗೆ ಹಿಡಿಸಲಿಲ್ಲ. ತನ್ನನ್ನು ಕರೆದೇ ಕರೆಯುತ್ತಾರೆ ಎಂದುಕೊಂಡಿದ್ದಳು ಅವಳು.

* * *

ಎರಡು ಗಂಟೆಗೆ ನಾನೂ ಸಾತ್ಸುಕಿಯೂ ರಂಗದ ಪಕ್ಕದ ಬಾಗಿಲಲ್ಲಿ ನಿಂತಿದ್ದೆವು. ಠಾಣೆಗೆ ಹೋಗುವ ಮುಂಚೆ ಪರದೆ ಏಳುವುದನ್ನು ನೋಡುತ್ತೇನೆ ಎಂದು ಬೇಡಿದ್ದಳು. ಒಪ್ಪಿದ್ದೆ.

ಶಮಿಸೆನ್ ತಂತಿ ಮಿಡಿಯಿತು. ರಾಜಕುಮಾರಿ ಬಂದಳು. ಕೋಝುಎಯ ಮುಖ ಬಿಳಿಚಿಕೊಂಡಿತ್ತು, ಕೈ ಮಾತ್ರ ಗಟ್ಟಿಯಾಗಿತ್ತು. ಅವಳ ಪಕ್ಕದಲ್ಲಿ, ಎಡಗೈ ಹಿಡಿದು, ಕಪ್ಪು ಮುಸುಕಿನ ಒಂದು ಕುಳ್ಳ ಆಕೃತಿ. ಬೆನ್ನು ಬಾಗಿತ್ತು. ಗೊಂಬೆಯ ಬೆರಳುಗಳು ತುಸು ನಡುಗುತ್ತಿದ್ದವು. ರಾಜಕುಮಾರಿ ಅಳುವ ಹೊತ್ತು ಅದು, ಆ ನಡುಕ ಕಂಡು ಮುಂದಿನ ಸಾಲಿನ ಹೆಂಗಸರೂ ಅಳತೊಡಗಿದರು.

ಸಾತ್ಸುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅದು ಗುರುಗಳು," ಎಂದಳು. "ಗೊಂಬೆ ಮುಟ್ಟಲ್ಲ ಅಂತ ಆಣೆ ಮಾಡಿದ್ರು. ಅವ್ಳಿಗೋಸ್ಕರ ಆಣೆ ಮುರಿದ್ರು. ಮುಸುಕು ಹಾಕ್ಕೊಂಡ್ರು."

"ಹೋಗೋಣ ಬಾ," ಎಂದೆ.

ಅವಳು ಕದಲಲಿಲ್ಲ. ತಾನು ಇಪ್ಪತ್ತೆರಡು ವರ್ಷ ಶಾಪ ಹಾಕುತ್ತ ನಿಂತ ಆ ಮೂರಡಿ ನೆಲವನ್ನೇ ಕಣ್ಣು ಕಿತ್ತುಬರುವಂತೆ ನೋಡಿದಳು.

"ಮೇಡಂ," ಎಂದಳು. "ಅದು ನನ್ನ ಜಾಗ."