ರೆಕ್ಕೆ ಹಿಡಿದವನ ಫೋಟೊ

ಹಟ್ಟಿ ಗಣಿಯ ತಳದಲ್ಲಿ ನಿಂತು, ಮೇಲೆ ಹಾರುವ ವಿಮಾನದ ಪೈಲಟ್ ಅವತ್ತು ಗಡ್ಡ ಮಾಡಿಕೊಂಡಿದ್ದಾನೋ ಇಲ್ಲವೋ ಎಂದು ಹೇಳಬಲ್ಲ ಪೊಲೀಸ್ ಈ ಜಿಲ್ಲೆಗೆ ಒಬ್ಬನೇ: ಕಾನ್‌ಸ್ಟೆಬಲ್ ಭೀಮೇಶ, ಅಂದರೆ ನಾನು. ಹಾಗಾಗಿ ವಿಮಾನದ ಕೇಸು ನನ್ನನ್ನೇ ಹುಡುಕಿಕೊಂಡು ಬಂತು.

ಸೋಮವಾರ ಬೆಳಿಗ್ಗೆ ಸಿಂಧನೂರಿನ ಫೋಟೊ ಸ್ಟುಡಿಯೊದ ಶಾವಲಿ ಠಾಣೆಗೆ ಬಂದ. ಅವನ ಅಂಗಡಿಯ ಗೋಡೆಯಲ್ಲಿ ಅಜ್ಜನ ಕಾಲದ ಫೋಟೊ ಒಂದಿತ್ತು. ಹೊಲದಲ್ಲಿ ಇಳಿದ ವಿಮಾನ, ಒಂದರ ಮೇಲೊಂದು ಎರಡು ರೆಕ್ಕೆ. ಯಾವ ವಿಮಾನವೆಂದು ಯಾರಿಗೂ ಗೊತ್ತಿರಲಿಲ್ಲ. ‘ಗುರುತು ಹೇಳಿದವರಿಗೆ ಪಾಸ್‌ಪೋರ್ಟ್ ಫೋಟೊ ಪುಕ್ಕಟೆ’ ಎಂದು ಶಾವಲಿ ಬೋರ್ಡು ಹಾಕಿದ್ದ. ಅರ್ಧ ಭೂಮಂಡಲ ನೋಡಲು ಬಂದಿತ್ತು. ಭಾನುವಾರ ಸಂಜೆ ಫೋಟೊ ಮಾಯ!

ಎಫ್‌ಐಆರ್ ಆಯಿತು. ಸ್ಥಳ ಪಂಚನಾಮೆಯಲ್ಲಿ ಸಿಕ್ಕಿದ್ದು ಖಾಲಿ ಮೊಳೆ.

“ನಕಲು ಐತೇನು?” ಪಿಎಸ್‌ಐ ಅಂಬಿಕಾ ಮೇಡಂ ಕೇಳಿದರು.

“ಮೊಬೈಲ್‌ನಾಗ ಐತ್ರೀ. ವಿಮಾನ ಅಷ್ಟ ಹೊಡದೀನಿ.”

ಮೇಡಂ ಅದನ್ನು ಹೈದರಾಬಾದಿನಲ್ಲಿ ವಿಮಾನ ಕಲಿಸುವ ಪರಿಚಯದವರಿಗೆ ಕಳಿಸಿದರು. ಸಂಜೆಗೆ ಉತ್ತರ ಬಂತು: ಟೈಗರ್ ಮಾತ್, ಹಳೆಯ ಕಾಲದ ತರಬೇತಿ ವಿಮಾನ. ಮೇಲಿನ ರೆಕ್ಕೆಯ ನಡುವೆ ಪೆಟ್ರೋಲ್ ಟ್ಯಾಂಕು. ಎಂಜಿನ್ ತಲೆಕೆಳಗಾಗಿ ಕೂತಿರುವುದರಿಂದ ತಗ್ಗಿದ ಮೂತಿ. (ಅದು ಹುಲಿಯೆಂದು ನಾನು ಮಧ್ಯಾಹ್ನವೇ ನಿರ್ಧರಿಸಿದ್ದೆ, ಅಡ್ಡಹೆಸರೊಂದೇ ಬಾಕಿಯಿತ್ತು.) ಕೊನೆಗೆ ಇನ್ನೊಂದು ಸಾಲು: ‘ಇದಕ್ಕೆ ಬ್ರೇಕ್ ಇರುವುದಿಲ್ಲ. ನೆಲದ ಮೇಲೆ ಯಾರಾದರೂ ರೆಕ್ಕೆಯ ತುದಿ ಹಿಡಿಯಬೇಕು. ಹಿಡಿದವರು ಕಾಣುತ್ತಿಲ್ಲವಲ್ಲ?’

ಮೇಡಂ ಸ್ಟುಡಿಯೊಗೇ ಹೋಗಿ ಶಾವಲಿಯನ್ನು ಕೇಳಿದರು. “ಫೋಟೊದಾಗ ಮನಷ್ಯಾ ಇದ್ದನೇನು?”

“ಅಂಚಿಗೆ ಒಬ್ಬಾಂವ ಇದ್ದನ್ರೀ, ಬರಿಗಾಲಿನಾಂವ. ವಿಮಾನದ ಚಂದ ಕೆಡಸ್ತಾನಂತ ಅವನ್ನ ಕತ್ತರಿಸಿ ಹೊಸಾ ಫ್ರೇಮ್ ಹಾಕಬೇಕಂತ ಮಾಡಿದ್ದೆ.”

“ಯಾರ ಮುಂದ ಅಂದಿದ್ದಿ?”

“ಬಂದೋರೆಲ್ಲಾರ ಮುಂದ.”

ಮೇಡಂ ಭಾನುವಾರ ತೆಗೆದ ಪಾಸ್‌ಪೋರ್ಟ್ ಫೋಟೊಗಳನ್ನು ಅವನ ಕಂಪ್ಯೂಟರಿನಲ್ಲಿ ತೆರೆಸಿದರು. ಎಲ್ಲರೂ ಕ್ಯಾಮೆರಾವನ್ನೇ ನುಂಗುವಂತೆ ನೋಡುತ್ತಿದ್ದರು. ಒಬ್ಬ ಮುದುಕಿ ಮಾತ್ರ ಪ್ರತಿ ಸಲವೂ ಗೋಡೆಯ ಕಡೆ ನೋಡುತ್ತಿದ್ದಳು.

“ಬಳಗಾನೂರು ಪಕೀರಮ್ಮರೀ,” ಎಂದ ಶಾವಲಿ. “ಇತ್ಲಾಗ ನೋಡಬೇ ಯಮ್ಮಾ ಅಂದ್ರ ನೋಡವಲ್ಲಳು.”

ಮರುದಿನ ಮೇಡಂಗೆ ಲಿಂಗಸುಗೂರು ಕೋರ್ಟಿನಲ್ಲಿ ಸಾಕ್ಷಿ ಇತ್ತು. ನನ್ನನ್ನು ಮುಂದೆ ಬಳಗಾನೂರಿಗೆ ಕಳಿಸಿ, ತಾವು ಮಸ್ಕಿ ಮೇಲೆ ಹಾಯ್ದು ಮಧ್ಯಾಹ್ನ ಬಂದರು. ಅಷ್ಟರಲ್ಲಿ ನಾನು ಮಾಡಿದ ಸಾಹಸವನ್ನು ಏನೆಂದು ಹೇಳಲಿ! ಮುದುಕಿ ಗದ್ದೆಗಳ ಮೇಲೆ ಜಿಂಕೆಯಂತೆ ಓಡಿದಳು, ಕಾಲುವೆಗೆ ಹಾರಿದಳು. ನಾನು ಬೂಟು ಸಮೇತ ಈಜಿ ಹಿಡಿದೆ.

ಮೇಡಂ ಮುಂದೆ ಪಕೀರಮ್ಮ ಗೋಡೆ ಹಿಡಿದು ಎದ್ದಳು. ಫ್ರೇಮನ್ನು ತಾನೇ ಕೊಟ್ಟಳು.

“ನಮ್ಮಪ್ಪರೀ. ನಾ ಸಣ್ಣಾಕಿ ಇದ್ದಾಗ ಹೋದ. ಮಾರಿ ಮರ್ತಬಿಟ್ಟಿದ್ದೆ, ನೋಡಿದ ಕೂಡ್ಲೆ ನೆನಪಾತು. ಕತ್ತರಿಸಬ್ಯಾಡಪ್ಪಾ ಅಂದೆ, ಆತ ನಕ್ಕ. ಎತ್ತಿಗೊಂಡು ಬಂದೆ.”

ಮೇಡಂ ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಸಿದರು, ಆಕೆಯನ್ನು ಬಂಧಿಸಿದರು, ಠಾಣೆಯಲ್ಲೇ ಜಾಮೀನು ಕೊಟ್ಟರು. ಠಾಣೆಗೆ ಬಂದ ಶಾವಲಿ ಫ್ರೇಮಿನ ಅಂಚಿನ ಬರಿಗಾಲಿನವನನ್ನು ಬಗ್ಗಿ ನೋಡಿದ. “ಇಡೀ ಫೋಟೊ ದೊಡ್ಡದು ಮಾಡಿ ಕೊಡ್ತೀನಬೇ, ನಿಮ್ಮಪ್ಪನ್ನೂ ಕೂಡಿಸಿ,” ಎಂದ.

ಎಲ್ಲರೂ ಹೋದ ಮೇಲೆ ಮೇಡಂ ನನ್ನ ವರದಿ ಓದಿದರು.

“ಭೀಮೇಶ, ಕಾಲುವಿ ಈಸಿದಿ. ಅಂಗಿ ಇಸ್ತ್ರಿ ಕೆಡಲಿಲ್ಲೇನು?”

ನಾನು ಅಂಗಿಯ ತೋಳು ಮಡಚಿಕೊಂಡೆ.

“ಮೀಸಿಗೆ ಹೂರಣ ಹತ್ತೇತಿ. ಅದು ಕಾಲುವ್ಯಾಗ ಸಿಕ್ಕಿತೇನು? ಎರಡು ತಾಸು ಏನ್ ಮಾಡಿದಿ, ಖರೇ ಹೇಳು.”

“ಓಡಲಿಲ್ಲರೀ ಮೇಡಂ. ಅಮಾಸಿ ಇತ್ತಲ್ರೀ, ಹಿರೇರಿಗೆ ಎಡಿ ಮಾಡಾಕತ್ತಿದ್ಳು. ಒಲಿ ಮ್ಯಾಲ ಬ್ಯಾಳಿ ಇನ್ನಾ ಕುದಿಯಾಕತ್ತಿತ್ತು. ಇಷ್ಟು ವರ್ಷ ಬರೇ ತಂಬಿಗಿ ಮುಂದ ಎಡಿ ಹಿಡದೀನಪ್ಪಾ, ಇವತ್ತ ಅಪ್ಪನ ಮಾರಿ ಮುಂದ ಹಿಡೀತೀನಿ ಅಂದ್ಳು. ಉಣ್ಣಾಕ ಕುಂತಾಂವನ್ನ ಹ್ಯಾಂಗ ಜಪ್ತಿ ಮಾಡ್ಲಿರೀ? ಕಟ್ಟಿ ಮ್ಯಾಲ ಕುಂತೆ. ಎಡಿ ತೆಗೆದ ಮ್ಯಾಲ ನನಗೊಂದು ಹೋಳಿಗಿ ಕೊಟ್ಳು.”

ಮೇಡಂ ನೋಡುತ್ತಲೇ ಇದ್ದರು.

“ಎರಡು ಕೊಟ್ಳುರೀ.”